ಕಟ್ಟಿಗೊಂದು ಸಾಲು

ಹಳೆಯ ಕಾಗದಗಳ ಒಂದು ಕಟ್ಟು ಬಿಚ್ಚುವುದು. ಅದರಲ್ಲಿ ಏನಿದೆ ಎಂದು ಒಂದೇ ಸಾಲಿನಲ್ಲಿ ಬರೆಯುವುದು. ಯಾವ ಊರಿನದು ಎಂದು ಗುರುತು ಹಾಕುವುದು. ಮತ್ತೆ ಕಟ್ಟಿ ಇಡುವುದು. ಮಲೆನಾಡಿನ ನಮ್ಮ ದಾಖಲೆ ಕೋಣೆಯ ಪದ್ಧತಿ ಇಷ್ಟೇ. ಹಾಳೆ ಹಾಳೆಗೂ ವಿವರ ಬರೆಯುತ್ತಾ ಕೂರುವುದಿಲ್ಲ.

ಇದನ್ನು ಮೊದಲು ಹೇಳಿದಾಗ ನಮ್ಮ ಕೇಂದ್ರದ ಹಿರಿಯರೊಬ್ಬರು "ಇದು ಪಟ್ಟಿಯಲ್ಲ ಮಾರಾಯ, ಸಂತೆ ಚೀಟಿ" ಎಂದರು. ಹೊರಗಿನಿಂದ ಸಲಹೆಗೆ ಬಂದಿದ್ದ ಪರಿಣತರೊಬ್ಬರು "ಇದನ್ನು ನಂಬಿಕೊಂಡು ಯಾವ ಸಂಶೋಧಕರೂ ಬರಲ್ಲ" ಎಂದು ವರದಿಯಲ್ಲೇ ಬರೆದರು. ಅದಾಗಿ ಐದು ವರ್ಷದ ಮೇಲಾಯಿತು. ಮೊದಲೆಲ್ಲ ವರ್ಷಕ್ಕೆ ಏಳೆಂಟು ಜನ ಬಂದರೆ ಜಾಸ್ತಿ. ಹೋದ ವರ್ಷ ನೂರೈವತ್ತರ ಹತ್ತಿರ ಕೋರಿಕೆ ಬಂದವು. ಬಂದು ಕೂತು ಓದಿದವರೇ 60 ಜನ ಇರಬೇಕು. ಸಂತೆ ಚೀಟಿ ಎಂದಿದ್ದ ಹಿರಿಯರು ಈಗ ತಮ್ಮ ವಿದ್ಯಾರ್ಥಿಗಳನ್ನು ಮೊದಲು ನಮ್ಮಲ್ಲಿಗೇ ಕಳಿಸುತ್ತಾರೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಓದುವವರೂ ಇದೇ ಕೆಲಸದವರು ಎಂದುಕೊಂಡಿದ್ದೇನೆ. ಧೂಳು ತೆಗೆಯುವುದು, ಕುಂಚ ಹಿಡಿಯುವುದು, ಆಮ್ಲವಿಲ್ಲದ ರಟ್ಟು, ಇವನ್ನೆಲ್ಲ ಮತ್ತೆ ವಿವರಿಸುವುದಿಲ್ಲ. ಅಂಕಿಗಳನ್ನು ನೆನಪಿನಿಂದ ಹಾಕಿದ್ದೇನೆ, ಸ್ವಲ್ಪ ಆಚೀಚೆ ಇರಬಹುದು.

ನಮ್ಮಲ್ಲಿರುವುದು ಸುಮಾರು 1,100 ಕಟ್ಟು. ಹೆಚ್ಚಿನವು ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಮನೆಗಳಿಂದ ಬಂದವು. ಶಾನುಭೋಗಿಕೆಯ ಮನೆ, ಪಟೇಲರ ಮನೆ, ಅಡಿಕೆ ವ್ಯಾಪಾರದ ಮನೆ. ವಂಶದಿಂದ ಬರುತ್ತಿದ್ದ ಶಾನುಭೋಗಿಕೆ, ಪಟೇಲಿಕೆ 1963ರಲ್ಲಿ ರದ್ದಾದವಲ್ಲ, ಆಮೇಲೂ ಮನೆಯಲ್ಲಿದ್ದ ಪ್ರತಿಗಳು ಅಟ್ಟದ ಮೇಲೇ ಉಳಿದಿದ್ದವು. ಗೇಣಿ ಚೀಟಿ, ಕರಾರು, ಭೋಗ್ಯಪತ್ರ, ಮಂಡಿ ಲೆಕ್ಕ, ಮದುವೆ ಖರ್ಚಿನ ಪಟ್ಟಿ, ದೇವಸ್ಥಾನದ ಜಮಾ ಖರ್ಚು. ಜೊತೆಗೆ ಮೂವತ್ತು ನಲವತ್ತು ಕಡತ (ಮಡಿಸಿಡುವ ಕಪ್ಪು ಬಟ್ಟೆಯ ಲೆಕ್ಕದ ಪುಸ್ತಕ), ಒಂದಷ್ಟು ಓಲೆಗರಿ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ದೊಡ್ಡ ಸಂಸ್ಥೆಗಳ ನಮೂನೆ ತರಿಸಿ, 38 ಕಾಲಂಗಳ ಒಂದು ಫಾರಂ ಮಾಡಿದೆವು. ಉದ್ದ, ಅಗಲ, ಗರಿಗಳ ಸಂಖ್ಯೆ, ಪುಟಕ್ಕೆ ಎಷ್ಟು ಸಾಲು, ಆದಿ, ಅಂತ್ಯ (ಮೊದಲ ಸಾಲು, ಕೊನೆಯ ಸಾಲು), ಲಿಪಿಕಾರ, ಮಸಿ, ಸ್ಥಿತಿ, ಹೀಗೆ. ಓಲೆಗರಿ ಗ್ರಂಥಕ್ಕೆ ಇದು ಸರಿಯಾದ ಕ್ರಮ, ಬೇರೆ ಮಾತಿಲ್ಲ. ಆದರೆ ಶಾನುಭೋಗರ ಮನೆಯ ಒಂದು ಕಟ್ಟಿನಲ್ಲಿ 200 ಚೀಟಿ ಇರುತ್ತವೆ. ಪ್ರತಿ ಚೀಟಿಗೂ ಆದಿ ಅಂತ್ಯ ಬರೆಯುತ್ತಾ ಹೋದರೆ ಏನಾಗುತ್ತದೆ? ಮೂವರು ಸೇರಿ 11 ತಿಂಗಳಲ್ಲಿ ಮುಗಿಸಿದ್ದು 43 ಕಟ್ಟು. ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಇದೇ ವೇಗದಲ್ಲಿ ಎಲ್ಲ ಮುಗಿಯಲು 23 ವರ್ಷ ಬೇಕಿತ್ತು. ಗೆದ್ದಲು ಅಷ್ಟು ವರ್ಷ ಕಾಯುವುದಿಲ್ಲ.

ಎರಡನೇ ತಪ್ಪು ಹಣದ್ದು. ಪಟ್ಟಿ ಆಮೇಲೆ ಆಗಲಿ, ಮೊದಲು ಫೋಟೊ ಆಗಲಿ ಎಂದು ಒಂದು ಖಾಸಗಿ ಏಜೆನ್ಸಿಗೆ ಕೆಲಸ ಕೊಟ್ಟೆವು. ಪುಟಕ್ಕೆ ನಾಲ್ಕೂವರೆ ರೂಪಾಯಿ. ಮೂರು ವಾರದಲ್ಲಿ 9,000ಕ್ಕೂ ಹೆಚ್ಚು ಚಿತ್ರ ತೆಗೆದು, ಒಂದು ಹಾರ್ಡ್ ಡಿಸ್ಕ್ ಕೈಗಿಟ್ಟು ಹೋದರು. ಬಿಲ್ಲು 42,000 ರೂಪಾಯಿಯ ಹತ್ತಿರ. ಚಿತ್ರಗಳು ಚೆನ್ನಾಗಿಯೇ ಇದ್ದವು. ಆದರೆ ಫೈಲಿನ ಹೆಸರೆಂದರೆ ಕ್ಯಾಮೆರಾ ಕೊಟ್ಟ ನಂಬರು ಮಾತ್ರ. ಯಾವ ಚಿತ್ರ ಯಾವ ಕಟ್ಟಿನದು ಎಂದು ಹೇಳುವ ಹಾಗಿಲ್ಲ. ಒಂದೇ ಮೇಜಿನ ಮೇಲೆ ಎರಡು ಮೂರು ಕಟ್ಟು ಒಟ್ಟಿಗೆ ಬಿಚ್ಚಿದ್ದರಿಂದ ಕೆಲವು ಚೀಟಿ ಬೇರೆ ಕಟ್ಟಿಗೂ ಸೇರಿಹೋಗಿದ್ದವು. ಅದನ್ನು ಸರಿ ಮಾಡಲು ನನಗೆ ಎರಡು ತಿಂಗಳ ಭಾನುವಾರಗಳು ಹೋದವು. ಆ ಡಿಸ್ಕ್ ಇವತ್ತಿಗೂ ಬೀರುವಿನಲ್ಲಿದೆ. ಅದರಿಂದ ಒಬ್ಬ ಸಂಶೋಧಕರಿಗೂ ಒಂದು ಪುಟ ಕೊಡಲಾಗಿಲ್ಲ. ಹಾಗಾಗಿ ನಮ್ಮಲ್ಲಿ ಈಗ ಪಟ್ಟಿ ಇಲ್ಲದ ಕಟ್ಟಿನ ಫೋಟೊ ತೆಗೆಯುವುದಿಲ್ಲ.

ಮೂರನೆಯದು ಸಣ್ಣದು, ಆದರೆ ನಿಮ್ಮಲ್ಲೂ ಆಗಿರಬಹುದು. ಮೊದಲ 43 ಕಟ್ಟಿನ ವಿವರವನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆವು. ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಪರಿವರ್ತನೆ ಮಾಡಿದಾಗ ಅರ್ಕಾವತ್ತು ಎಲ್ಲೆಲ್ಲಿಗೋ ಹಾರಿತು. ತೀರ್ಥಹಳ್ಳಿ, ಕವಲೇದುರ್ಗ, ಎರಡೂ ಕೆಟ್ಟವು. ನಮ್ಮ ಸೀಮೆಯಲ್ಲಿ ಆ ಎರಡು ಹೆಸರು ಇಲ್ಲದ ಕಾಗದ ಎಷ್ಟಿವೆ? ಎಲ್ಲವನ್ನೂ ಕೈಯಿಂದ ತಿದ್ದಿದೆವು.

ಇದರ ಮಧ್ಯೆ ಒಂದು ಜುಲೈ ತಿಂಗಳಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದರು. ಹೊರಗೆ ಜಡಿಮಳೆ. ಶರಾವತಿ ಮುಳುಗಡೆಯ ಮೇಲೆ ಕೆಲಸ ಮಾಡುತ್ತಿದ್ದರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆ ನೀರಿನಡಿ ಹೋದ, ಸಾಗರ ತಾಲ್ಲೂಕಿನ ಕರೂರು ಸೀಮೆಯ ಒಂದು ಊರಿನ ಹೆಸರು ಹೇಳಿ, "ಆ ಊರಿನ ಒಂದು ಕಾಗದವಾದರೂ ಇದೆಯಾ ಸರ್?" ಎಂದು ಕೇಳಿದರು. ಎರಡು ದಿನ ಹುಡುಕಿದೆವು. ಸಿಗಲಿಲ್ಲ. ಅವರು ಬರಿಗೈಯಲ್ಲಿ ಬಸ್ಸು ಹತ್ತಿದರು.

ಎಂಟು ತಿಂಗಳಾದ ಮೇಲೆ ಶಿವಮೊಗ್ಗದ ಹತ್ತಿರದ ಒಂದು ಮನೆಯಿಂದ ಬಂದಿದ್ದ ಕಟ್ಟು ಬಿಚ್ಚಿದಾಗ, ಅದೇ ಊರಿನ ಗೇಣಿ ಚೀಟಿಗಳು ಎಪ್ಪತ್ತೋ ಎಂಬತ್ತೋ ಸಿಕ್ಕವು. ಮುಳುಗಡೆಯಾದಾಗ ಆ ಮನೆಯವರು ಅಲ್ಲಿಂದ ಎದ್ದು ಇಲ್ಲಿಗೆ ಬಂದಿದ್ದರು. ಪೆಟ್ಟಿಗೆಯ ಜೊತೆ ಕಾಗದವೂ ಬಂದಿತ್ತು. ನಾವು ಕೊಟ್ಟವರ ಈಗಿನ ಊರಿನ ಹೆಸರಿನಲ್ಲಿ ಅದನ್ನು ಇಟ್ಟಿದ್ದೆವು. ವಿದ್ಯಾರ್ಥಿನಿ ಎರಡು ದಿನ ಕೂತಿದ್ದ ಬೆಂಚಿನಿಂದ ಹತ್ತು ಅಡಿ ದೂರದಲ್ಲಿತ್ತು ಆ ಕಟ್ಟು. ತಕ್ಷಣ ಬರೆದು ತಿಳಿಸಿದೆ. ಅಷ್ಟರಲ್ಲಿ ಅವರು ಪ್ರಬಂಧ ಒಪ್ಪಿಸಿ ಆಗಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 38 ಕಾಲಂಗಳಲ್ಲಿ ಮಸಿಯ ಬಣ್ಣ ಇತ್ತು, ಕಾಗದ ಹೇಳುವ ಊರು ಇರಲಿಲ್ಲ. ಮಲೆನಾಡಿನ ಇತಿಹಾಸ ಕೇಳಿಕೊಂಡು ಬರುವ ಹತ್ತರಲ್ಲಿ ಎಂಟು ಜನ ಮೊದಲು ಊರಿನ ಹೆಸರನ್ನೇ ಹೇಳುತ್ತಾರೆ. ನಮಗೆ ಬೇಕಾಗಿದ್ದು ಊರಪಟ್ಟಿ.

ಮರುದಿನದಿಂದ ಫಾರಂ ಬದಿಗಿಟ್ಟೆವು. ಒಂದು ಸಾಲು ಹೀಗಿರುತ್ತದೆ: "ಕಟ್ಟು 412. ಕರೂರು ಹೋಬಳಿ, ಸಾಗರ. ಗೇಣಿ ಚೀಟಿ, ಕರಾರು, ಎರಡು ಮದುವೆ ಲೆಕ್ಕ. ಸುಮಾರು 1890ರಿಂದ 1950. ಕನ್ನಡ, ನಾಲ್ಕೈದು ಮೋಡಿ ಲಿಪಿಯವು. ಅಂದಾಜು 180 ಹಾಳೆ. ಬೂಸ್ಟು ಸ್ವಲ್ಪ." ಇದರ ಕೆಳಗೆ, ಕಟ್ಟಿನೊಳಗೆ ಕಣ್ಣಿಗೆ ಬಿದ್ದ ಊರುಗಳ ಹೆಸರು ಮಾತ್ರ. ಒಂದು ಕಟ್ಟಿಗೆ ಇಪ್ಪತ್ತು ನಿಮಿಷ. ಅದಕ್ಕಿಂತ ಜಾಸ್ತಿ ಹಿಡಿದರೆ ನಿಲ್ಲಿಸಿ ಮುಂದಿನ ಕಟ್ಟಿಗೆ ಹೋಗಬೇಕು. ಈ ನಿಯಮ ಪಾಲಿಸುವುದೇ ಕಷ್ಟ. ಒಳ್ಳೆಯ ಕಾಗದ ಸಿಕ್ಕಾಗ ಓದದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ, ಅಲ್ವಾ? ನಾನು ಗೋಡೆ ಗಡಿಯಾರವನ್ನು ಮೇಜಿನ ಎದುರಿಗೇ ತಂದು ಹಾಕಿಸಿದೆ. ಎಂ.ಎ. ಓದುತ್ತಿದ್ದ ಇಬ್ಬರು ಹುಡುಗರು, ನಾನು. ದಿನಕ್ಕೆ ಹತ್ತು ಹನ್ನೆರಡು ಕಟ್ಟು. ಏಳು ತಿಂಗಳಲ್ಲಿ 1,100 ಕಟ್ಟಿಗೂ ಸಾಲು ಬಿತ್ತು.

ಊರಪಟ್ಟಿಯಲ್ಲಿ ನಿಜವಾದ ಕೆಲಸ ಹೆಸರುಗಳದ್ದು. ಕಾಗದದಲ್ಲಿ ಕವಲೇದುರ್ಗ ತಾಲ್ಲೂಕು ಎಂದಿದ್ದರೆ ಅದು ಇಂದಿನ ತೀರ್ಥಹಳ್ಳಿ. ಬೆಂಕಿಪುರ ಎಂದರೆ ಭದ್ರಾವತಿ. ಎಡೇಹಳ್ಳಿ ಎಂದರೆ ನರಸಿಂಹರಾಜಪುರ. ಕಡೂರು ಜಿಲ್ಲೆ ಎಂದಿದ್ದರೆ ಕಡೂರು ಪೇಟೆಯ ಕಡೆ ಹುಡುಕಬೇಡಿ, ಇಡೀ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಅದೇ ಹೆಸರು. ಬಿದನೂರನ್ನು ಹೈದರಾಲಿ 1763ರಲ್ಲಿ ಹಿಡಿದ ಮೇಲೆ ಹೈದರ್‌ನಗರ ಆಯಿತು, ಆಮೇಲೆ ಬರೀ ನಗರ. ಮೂರೂ ಒಂದೇ ಊರು. ಪಟ್ಟಿಯಲ್ಲಿ ಮೂರು ಹೆಸರೂ ಇರಬೇಕು, ಒಂದರಿಂದ ಇನ್ನೊಂದಕ್ಕೆ ದಾರಿ ಇರಬೇಕು. ಮುಳುಗಿದ ಊರುಗಳಿಗೆ ಬೇರೆ ಗುರುತು ಹಾಕಿದ್ದೇವೆ. ಆ ಊರಿನವರು ಎದ್ದು ಹೋಗಿ ನೆಲೆಸಿದ ಊರುಗಳನ್ನೂ ಪಕ್ಕದಲ್ಲಿ ಬರೆದಿದ್ದೇವೆ. ಇದನ್ನು ಪುಸ್ತಕ ನೋಡಿ ಬರೆಯಲು ಆಗುವುದಿಲ್ಲ. ಮನೆ ಮನೆಗೆ ಹೋಗಿ ಕೇಳಬೇಕು. ಶರಾವತಿ ಹಿನ್ನೀರಿಗೆ ಸೇತುವೆ ಇಲ್ಲದ ಕಾಲದಲ್ಲಿ ಲಾಂಚಿನಲ್ಲಿ ದಾಟಿ ಹೋಗಿ ಕೇಳಿಕೊಂಡು ಬಂದ ಹೆಸರುಗಳು ನೂರರ ಮೇಲಿವೆ. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದಲ್ಲ, ಅದನ್ನು ನೋಡಲು ಬಂದ ಹಳಬರು ದಡದಲ್ಲಿ ನಿಂತು, ಯಾವ ಕಡೆ ಯಾವ ಊರಿತ್ತು ಎಂದು ಬೆರಳು ಮಾಡಿ ತೋರಿಸಿದ್ದಾರೆ. ಆ ಮಧ್ಯಾಹ್ನ ಬರೆದುಕೊಂಡ ನೋಟ್‌ಬುಕ್ ನಮ್ಮ ಕೋಣೆಯ ಆಸ್ತಿ ಎಂದು ನಾನು ತಿಳಿದಿದ್ದೇನೆ.

ಕಾಲ ಹಾಕುವುದರಲ್ಲಿ ಮೊದಲು ತುಂಬಾ ಎಡವಿದೆವು. ಮನೆಯ ಕಾಗದದಲ್ಲಿ ಸಂವತ್ಸರದ ಹೆಸರು ಬಿಟ್ಟರೆ ಬೇರೇನೂ ಇರುವುದಿಲ್ಲ. ರುಧಿರೋದ್ಗಾರಿ ಎಂದಿದ್ದರೆ ಅದು 1863–64 ಇರಬಹುದು, 1923–24 ಇರಬಹುದು. ಹುಡುಗರು ಮೊದಲು ಕಣ್ಣಿಗೆ ಕಂಡ ಹಾಗೆ ಬರೆದುಬಿಟ್ಟಿದ್ದರು. ಅರವತ್ತು ವರ್ಷದ ತಪ್ಪು ಎಂದರೆ ಮೂರು ತಲೆಮಾರಿನ ತಪ್ಪು. ಈಗ ಅನುಮಾನವಿದ್ದರೆ ಎರಡೂ ವರ್ಷ ಬರೆಯುತ್ತೇವೆ. ಛಾಪಾ ಕಾಗದವಿದ್ದರೆ ಅದರ ಮುದ್ರೆ ನೋಡುತ್ತೇವೆ. ಲೆಕ್ಕ ಹಳೆಯ ವರಹ, ಹಣ, ವೀಸದಲ್ಲಿದೆಯೋ ಆಮೇಲಿನ ರೂಪಾಯಿ, ಆಣೆ, ಪೈಯಲ್ಲಿದೆಯೋ ನೋಡುತ್ತೇವೆ. ನಯಾ ಪೈಸೆ ಎಂದಿದ್ದರೆ ಅದು 1957ಕ್ಕಿಂತ ಹಿಂದಿನದಂತೂ ಅಲ್ಲ. ಇನ್ನೊಂದು ಗುರುತು ಇದೆ, ಮಡಿಕೆಗೆ ಸಂಬಂಧಿಸಿದ್ದು. ಅದನ್ನು ನಾನು ನಮ್ಮ ಹುಡುಗರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಈಗ ಸಂಶೋಧಕರ ವಿಷಯ. ಒಂದು ಸಾಲು ಸಾಕಾಗುತ್ತದೆಯೇ ಎಂದು ಕೇಳಿದವರಿಗೆ ನನ್ನ ಉತ್ತರ ಇದು: ಯಾರಾದರೂ ಕೇಳಿದ ಕಟ್ಟಿಗೆ ಮಾತ್ರ ಆಳವಾದ ವಿವರ ಬರೆಯುತ್ತೇವೆ. ಸಂಶೋಧಕರು ಕಟ್ಟು ಕೇಳಿದ ಮೇಲೆ ಹಾಳೆಗಳಿಗೆ ಪೆನ್ಸಿಲಿನಲ್ಲಿ ನಂಬರು ಬೀಳುತ್ತದೆ, ಚಿತ್ರ ತೆಗೆಯುತ್ತೇವೆ. ಅವರು ಓದಿದ ಮೇಲೆ ತಮ್ಮ ಟಿಪ್ಪಣಿಯ ಒಂದು ಪುಟ ನಮಗೆ ಬಿಟ್ಟು ಹೋಗಬೇಕು. ಯಾವ ಚೀಟಿಯಲ್ಲಿ ಏನಿದೆ, ಯಾರ ಹೆಸರಿದೆ, ಅಷ್ಟು ಸಾಕು. ಮೊದಲು ಇದಕ್ಕೆ ಗೊಣಗಿದವರಿದ್ದರು. ಆದರೆ ತಮಗಿಂತ ಮೊದಲು ಓದಿದವರ ಪುಟ ಕೈಗೆ ಸಿಕ್ಕಾಗ ಎಷ್ಟು ದಿನ ಉಳಿಯುತ್ತದೆ ಎಂದು ಗೊತ್ತಾದ ಮೇಲೆ ಯಾರೂ ಇಲ್ಲ ಎನ್ನುವುದಿಲ್ಲ. ಹೀಗೆ ಇಲ್ಲಿಯವರೆಗೆ 240 ಕಟ್ಟಿಗೆ ಪೂರ್ತಿ ವಿವರ ಬಂದಿದೆ. 38 ಕಾಲಂನ ಕಾಲದಲ್ಲಿ ಅದಕ್ಕೆ ಐದು ವರ್ಷ ಬೇಕಿತ್ತು, ಅದೂ ಯಾರಿಗೂ ಬೇಡದ ಕಟ್ಟುಗಳೂ ಸೇರಿ.

ಒಂದು ಉದಾಹರಣೆ ಹೇಳಲೇಬೇಕು. ಕಾಗೋಡು ಸತ್ಯಾಗ್ರಹದ ಬಗ್ಗೆ ಬರೆಯುತ್ತಿದ್ದ ಒಬ್ಬ ಮೇಷ್ಟ್ರು ಫೋನ್ ಮಾಡಿದರು. 1951ರಲ್ಲಿ ಗೇಣಿದಾರರ ಆ ಹೋರಾಟ ಹೊತ್ತಿಕೊಂಡಿದ್ದೇ ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ ಎಂದು ನಮಗೆಲ್ಲ ಗೊತ್ತು. ಅವರಿಗೆ ಬೇಕಾಗಿದ್ದು, ಅದಕ್ಕೂ ಹಿಂದೆ ಸುತ್ತಮುತ್ತಲ ಊರುಗಳ ಗೇಣಿ ಚೀಟಿಗಳಲ್ಲಿ ಕೊಳಗಕ್ಕೆ ಎಷ್ಟು ಸೇರು ಎಂದು ಬರೆದಿದೆಯೇ ಎನ್ನುವುದು. ಅದೃಷ್ಟಕ್ಕೆ ನಮ್ಮ ಹುಡುಗನೊಬ್ಬ ತನ್ನ ಪಾಡಿಗೆ ತಾನು ಅಳತೆಯ ಮಾತು ಬಂದ ಕಟ್ಟುಗಳಿಗೆಲ್ಲ ಸಾಲಿನ ಕೊನೆಯಲ್ಲಿ "ಅಳತೆ ಇದೆ" ಎಂದು ಸೇರಿಸಿದ್ದ. ಇಪ್ಪತ್ತು ನಿಮಿಷದಲ್ಲಿ ಒಂಬತ್ತು ಕಟ್ಟು ತೆಗೆದು ಮೇಜಿನ ಮೇಲಿಟ್ಟೆವು. ಮೇಷ್ಟ್ರು ಮರುದಿನ ಬೆಳಗಿನ ಬಸ್ಸಿಗೆ ಬಂದರು. ಮೂರು ದಿನ ಊಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಏಳಲಿಲ್ಲ. ಆಮೇಲೆ ಆ ಎರಡು ಪದ ನಮ್ಮ ಸಾಲಿನ ಕಾಯಂ ಭಾಗವಾಯಿತು.

ಕಳ್ಳತನದ ಪ್ರಶ್ನೆ ಎತ್ತಿದವರಿದ್ದಾರೆ. ಹಾಳೆಗೆ ನಂಬರಿಲ್ಲದಿದ್ದರೆ ಒಂದು ಹಾಳೆ ಹೋದರೆ ಹೇಗೆ ಗೊತ್ತಾಗುತ್ತದೆ? ನ್ಯಾಯವಾದ ಪ್ರಶ್ನೆ. ಇದಕ್ಕೆ ನಾನು ಮೊದಲು ತೂಕದ ಉಪಾಯ ಮಾಡಿದ್ದೆ. ಕೊಡುವಾಗ ತೂಗುವುದು, ವಾಪಸ್ ಬಂದಾಗ ತೂಗುವುದು. ಅಡುಗೆ ಮನೆಯ ಎಲೆಕ್ಟ್ರಾನಿಕ್ ತಕ್ಕಡಿ, 700 ರೂಪಾಯಿ. ಮಾರ್ಚ್‌ನಲ್ಲಿ ಚೆನ್ನಾಗಿ ನಡೆಯಿತು. ಜೂನ್ ಬಂದಾಗ ಕಟ್ಟುಗಳ ತೂಕವೇ ಏರತೊಡಗಿತು. 600 ಗ್ರಾಂ ಇದ್ದ ಒಂದು ಕಟ್ಟು ಜುಲೈಗೆ 635 ಆಯಿತು. ಕಾಗದ ನೀರು ಕುಡಿದಿತ್ತು. ಒಂದು ಹಾಳೆಯ ತೂಕ ನಾಲ್ಕೈದು ಗ್ರಾಂ, ಹಾಗಾಗಿ ಆ ಉಪಾಯ ಬಿದ್ದುಹೋಯಿತು. ಈಗ ಕಟ್ಟು ಕೇಳಿದಾಗ ಹಾಕುವ ಪೆನ್ಸಿಲ್ ನಂಬರು, ತೆಗೆಯುವ ಚಿತ್ರ, ಇವೇ ಲೆಕ್ಕ. ಆದರೆ ತಕ್ಕಡಿ ವ್ಯರ್ಥವಾಗಲಿಲ್ಲ. ಯಾವ ಕಪಾಟಿನ ಕಟ್ಟು ಎಷ್ಟು ನೀರು ಕುಡಿಯುತ್ತಿದೆ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿ ನನಗೆ ಸಿಕ್ಕಿಲ್ಲ. ಪ್ರತಿ ಕಪಾಟಿನಿಂದ ಒಂದು ಕಟ್ಟನ್ನು ವಾರಕ್ಕೊಮ್ಮೆ ತೂಗುತ್ತಿದ್ದೆವು. ಕಿಟಕಿ ಪಕ್ಕದ ಕಪಾಟಿಗಿಂತ ಒಳಗೋಡೆಗೆ ಅಂಟಿದ ಕಪಾಟೇ ಜಾಸ್ತಿ ನೀರು ಕುಡಿಯುತ್ತಿತ್ತು. ಗೋಡೆಯಿಂದ ಒಂದು ಅಡಿ ಮುಂದಕ್ಕೆ ಎಳೆದ ಮೇಲೆ ಕಡಿಮೆಯಾಯಿತು.

ತೇವದ ಮಾತು ಬಂದ ಮೇಲೆ ಅದನ್ನೂ ಹೇಳಿಬಿಡುತ್ತೇನೆ. ಬಯಲುಸೀಮೆಯ ಗೆಳೆಯರಿಗೆ ಇದು ಅಷ್ಟು ಬೇಡದಿರಬಹುದು. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯಷ್ಟು ಮಳೆ ನಮ್ಮಲ್ಲಿಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಣೆಯ ತೇವಾಂಶ ಶೇಕಡಾ 85ರಿಂದ ಕೆಳಗೆ ಇಳಿಯುವುದಿಲ್ಲ. 65 ದಾಟಿದರೆ ಬೂಸ್ಟು ಹಿಡಿಯಲು ಶುರು. ಮೊದಲು ಇಡೀ ಕೋಣೆ ಒಣಗಿಸಲು ತೇವ ಹೀರುವ ಯಂತ್ರ ತರಿಸಿದೆವು. ಬಕೆಟ್ ದಿನಕ್ಕೆ ಎರಡು ಸಲ ತುಂಬುತ್ತಿತ್ತು. ಒಂದು ರಾತ್ರಿ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. 58 ಇದ್ದದ್ದು 84ಕ್ಕೆ ಹೋಯಿತು. ಒಣಗಿದ ಕಾಗದ ಒಮ್ಮೆಗೇ ನೀರು ಕುಡಿದರೆ ಬರೀ ಒದ್ದೆ ಇರುವುದಕ್ಕಿಂತ ಹೆಚ್ಚು ಕೆಡುತ್ತದೆ. ಅಂಚುಗಳು ಸೊಟ್ಟಗಾದವು.

ಆಮೇಲೆ ಕೋಣೆ ಒಣಗಿಸುವ ಆಸೆ ಬಿಟ್ಟೆ. ಪೆಟ್ಟಿಗೆ ಮಾತ್ರ ಒಣಗಿಸೋಣ ಎಂದು ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳನ್ನು ತಂದೆವು. ಒಂದರಲ್ಲಿ ಹದಿಮೂರು ಹದಿನಾಲ್ಕು ಕಟ್ಟು ಹಿಡಿಯುತ್ತವೆ. ಮೇ ತಿಂಗಳ ಒಣ ಹವೆಯಲ್ಲೇ ತುಂಬಿ ಮುಚ್ಚಬೇಕು, ಮಳೆ ಬಂದ ಮೇಲೆ ಮುಚ್ಚಿದರೆ ತೇವವನ್ನೇ ಕೂಡಿ ಹಾಕಿದ ಹಾಗಾಗುತ್ತದೆ. ಒಳಗೆ ಸಿಲಿಕಾ ಜೆಲ್. ಅದು ತೇವ ಕುಡಿದು ಬಣ್ಣ ಬದಲಾದಾಗ ಮತ್ತೆ ಕಾಯಿಸಬೇಕಲ್ಲ, ಮೊದಲು ಬಾಣಲೆಯಲ್ಲಿ ಹಾಕಿ ಒಲೆಯ ಮೇಲೆ ಕಾಯಿಸಿದೆ. ಬೆಂಕಿ ಜಾಸ್ತಿಯಾಗಿ ಎರಡು ಕಿಲೋ ಕಪ್ಪಾಗಿ ಹಾಳಾಯಿತು. ಈಗ ಒಂದು ಸಣ್ಣ ಓವನ್‌ನಲ್ಲಿ 110 ಡಿಗ್ರಿಯ ಆಸುಪಾಸಿನಲ್ಲಿ ಮೂರು ಗಂಟೆ ಇಡುತ್ತೇವೆ. ಇದ್ದಿಲು ಇಟ್ಟೂ ನೋಡಿದೆ. ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಪುಡಿ ಹಾರುತ್ತದೆ. ಹುಳಕ್ಕೆ ಬಟ್ಟೆಯ ಸಣ್ಣ ಗಂಟುಗಳನ್ನು ಇಡುತ್ತೇವೆ. ಅದರಲ್ಲಿ ಬಜೆ ಇದೆ, ಬೇವು ಇದೆ. ಇನ್ನೆರಡು ವಸ್ತು ನನ್ನ ಅಜ್ಜಿಯಿಂದ ಬಂದವು, ಅವನ್ನು ಕೇಳಿಕೊಂಡು ಬಂದವರಿಗೆ ಮಾತ್ರ ತೋರಿಸುತ್ತೇನೆ. ಹುಳ ಹಿಡಿದೇ ಬಂದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಹಳೆಯ ಐಸ್‌ಕ್ರೀಂ ಫ್ರೀಜರ್‌ನಲ್ಲಿ ಒಂದು ವಾರ ಇಡುತ್ತೇವೆ. ಹೊರಗೆ ತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬಾರದು. ಓಲೆಗರಿಗೆ ಇದನ್ನು ಮಾಡಿಲ್ಲ, ಮಾಡುವುದೂ ಇಲ್ಲ.

ಕಡತದ ವಿಷಯದಲ್ಲಿ ಒಂದು ತಪ್ಪು ನಡೆದಿದೆ, ಅದನ್ನು ಮುಚ್ಚಿಡಬಾರದು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಹಚ್ಚಿ ಮಾಡಿದ ಕಡತದ ಮೇಲೆ ಬಳಪದಲ್ಲಿ ಬರೆದಿರುತ್ತಾರೆ. ನಮ್ಮ ಕಣ್ಣಿಗೆ ಅದು ಅಕ್ಷರ, ಹೊಸದಾಗಿ ಬಂದವರ ಕಣ್ಣಿಗೆ ಬಿಳಿ ಧೂಳು. ನಾನು ಇಲ್ಲದ ದಿನ ಒಬ್ಬ ಹುಡುಗ ಒಣಬಟ್ಟೆಯಿಂದ ಒಂದು ಮಡಿಕೆ ಒರೆಸಿಬಿಟ್ಟ. ಆರು ಸಾಲು ಹೋಯಿತು. ದೇವಸ್ಥಾನದ ದೀಪದ ಎಣ್ಣೆಯ ಲೆಕ್ಕ ಅದು. ತಪ್ಪು ಅವನದಲ್ಲ, ಹೇಳಿಕೊಡದ ನನ್ನದು. ಅವನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಈಗ ಕಡತಗಳನ್ನು ಸಂಶೋಧಕರ ಕೈಗೂ ಕೊಡುವುದಿಲ್ಲ. ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಚಿತ್ರ ಕೊಡುತ್ತೇವೆ. ಹಾಗೆ ಬೆಳಕು ಬಿಟ್ಟಾಗ ಅಳಿಸಿದ ಆರರಲ್ಲಿ ಎರಡು ಸಾಲಿನ ಗೀರು ಮಸುಕಾಗಿ ಕಾಣಿಸಿದವು. ಅವನೇ ಕೂತು ಓದಿ ಬರೆದ.

ಚಿತ್ರ ತೆಗೆಯುವ ಸ್ಟ್ಯಾಂಡ್ ಊರಿನ ಬಡಗಿ ಮಾಡಿಕೊಟ್ಟಿದ್ದು. ಮೊದಲು ಅಡಿಕೆ ದಬ್ಬೆಯಲ್ಲಿ ಮಾಡಿಸಿದ್ದೆ, ಮಳೆಗಾಲದಲ್ಲಿ ಬಾಗಿತು. ಈಗಿನದು ಹಳೆಯ ಮನೆಯ ಸಾಗುವಾನಿ ಪಕಾಸಿಯದು, ಅಲುಗಾಡುವುದಿಲ್ಲ. 2,800 ರೂಪಾಯಿ. ಮೇಲೆ ಒಂದು ಒಳ್ಳೆಯ ಫೋನ್, ಎರಡು ಬದಿಗೆ ದೀಪ. ಪ್ರತಿ ಕಟ್ಟಿನ ಮೊದಲ ಚಿತ್ರದಲ್ಲಿ ಕಟ್ಟಿನ ನಂಬರು ಬರೆದ ಚೀಟಿ ಮತ್ತು ಅಳತೆಪಟ್ಟಿ ಇರಲೇಬೇಕು. 42,000 ರೂಪಾಯಿ ಕೊಟ್ಟು ಕಲಿತ ಪಾಠ ಅದು. ಚಿತ್ರಗಳ ಮೂರು ಪ್ರತಿ ಇವೆ, ಅದರಲ್ಲಿ ಒಂದು ಬೇರೆ ಊರಿನಲ್ಲಿದೆ.

ಒಟ್ಟು ಖರ್ಚು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಏಜೆನ್ಸಿಗೆ ಹೋದ ಹಣ ಬಿಟ್ಟರೆ ಎರಡೂಕಾಲು ಲಕ್ಷದ ಹತ್ತಿರ. ಇಬ್ಬರು ಹುಡುಗರಿಗೆ ತಿಂಗಳಿಗೆ ಆರಾರು ಸಾವಿರದಂತೆ ಏಳು ತಿಂಗಳು, 84,000. ಡಬ್ಬಗಳು 85, ಅದಕ್ಕೆ 55,000. ಓಡಾಟಕ್ಕೆ ಮೂವತ್ತು ಸಾವಿರ ಇರಬೇಕು. ಫ್ರೀಜರ್ ಹಳೆಯದು, 9,000. ಉಳಿದದ್ದು ಫೋನ್, ಡಿಸ್ಕ್, ಜೆಲ್, ಮಾಂಜರಪಾಟ್ ಬಟ್ಟೆ. ಇದೇ ಕೆಲಸಕ್ಕೆ ನಮಗೆ ಬಂದಿದ್ದ ಒಂದು ದರಪಟ್ಟಿ 18 ಲಕ್ಷದ್ದು. ಪ್ರತಿ ಚಿತ್ರಕ್ಕೆ 3 ರೂಪಾಯಿ ತೆಗೆದುಕೊಳ್ಳುತ್ತೇವೆ, ವಿದ್ಯಾರ್ಥಿಗಳಿಗೆ ಅರ್ಧ. ಕಾಗದ ಕೊಟ್ಟ ಮನೆಯವರಿಗೆ ಯಾವತ್ತೂ ಉಚಿತ. ಹೋದ ವರ್ಷ ಹೀಗೆ 40,000 ಬಂತು. ಜೆಲ್ ಮತ್ತು ಬಟ್ಟೆಯ ಖರ್ಚು ಅದರಲ್ಲೇ ಕಳೆಯಿತು.

ಮನೆಯವರ ವಿಶ್ವಾಸ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅವರ ಭಯ ಜಮೀನಿನದು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ತಾವು ಉಳುತ್ತಿದ್ದ ಭೂಮಿಯ ಹಕ್ಕು ಕೇಳಿ ಫಾರಂ ನಂಬರ್ 7 ಹಾಕಿದ ಕಾಲದ ಜಗಳಗಳು ಇನ್ನೂ ಕೆಲವು ಮನೆಗಳಲ್ಲಿ ಆರಿಲ್ಲ. ಸಂಶೋಧಕ ಎಂದು ಹೇಳಿಕೊಂಡು ನೆರೆಮನೆಯವರ ಚೀಟಿ ಹುಡುಕಲು ಬಂದವರನ್ನು ನಾನೇ ಮೂರು ಸಲ ವಾಪಸ್ ಕಳಿಸಿದ್ದೇನೆ. ಐವತ್ತು ವರ್ಷ ದಾಟದ ಜಮೀನು ಕಾಗದವನ್ನು ಮನೆಯವರ ಒಪ್ಪಿಗೆ ಪತ್ರ ಇಲ್ಲದೆ ತೋರಿಸುವುದಿಲ್ಲ. ಇದರಿಂದ ಕೆಲವು ಒಳ್ಳೆಯ ಸಂಶೋಧಕರಿಗೂ ಬೇಸರವಾಗಿದೆ. ಆದರೂ ಈ ನಿಯಮ ಸಡಿಲ ಮಾಡುವುದಿಲ್ಲ. ಹೊಸನಗರದ ಕಡೆಯ ಒಬ್ಬ ಅಜ್ಜಿ "ಕಾಗದ ಹೊಸಿಲು ದಾಟೋದು ಬೇಡ ತಮ್ಮಾ, ನನ್ನ ಗಂಡನ ಕೈಬರಹ ಅದು" ಎಂದರು. ಫೋನ್, ಸ್ಟ್ಯಾಂಡ್ ಎಲ್ಲ ಜೀಪಿನಲ್ಲಿ ಅವರ ಜಗಲಿಗೇ ತೆಗೆದುಕೊಂಡು ಹೋದೆವು. ಎರಡು ದಿನ ಅಲ್ಲೇ ಕೂತು ಚಿತ್ರ ತೆಗೆದು, ಕಟ್ಟನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಅವರ ಕೈಗೇ ಕೊಟ್ಟು ಬಂದೆವು. ಅಂಥ ಮನೆಗಳು ಈಗ 31. ಅವುಗಳ ಸಾಲೂ ಊರಪಟ್ಟಿಯಲ್ಲಿವೆ, "ಮೂಲ ಮನೆಯಲ್ಲಿದೆ" ಎಂಬ ಗುರುತಿನೊಂದಿಗೆ. ಮೂಲ ಇಲ್ಲದ ಮೇಲೆ ಅದೆಂಥ ದಾಖಲೆ ಕೋಣೆ ಎಂದು ಕೇಳಿದವರಿದ್ದಾರೆ. ಆ ಅಜ್ಜಿಯ ಮನೆಯ ಅಟ್ಟದಲ್ಲಿ, ಒಲೆಯ ಹೊಗೆಯಲ್ಲಿ, ಆ ಕಾಗದ ನನ್ನ ಡಬ್ಬಕ್ಕಿಂತ ಚೆನ್ನಾಗಿ ಉಳಿದಿತ್ತು ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೂ ಬಾಕಿ ಇರುವುದು ತಿಗಳಾರಿ (ಹೆಚ್ಚಾಗಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಹಳೆಯ ಲಿಪಿ) ಓಲೆಗರಿಗಳು, ನಲವತ್ತರಷ್ಟು. ಆ ಲಿಪಿ 2024ರಲ್ಲಿ ಯೂನಿಕೋಡ್‌ಗೆ ಸೇರಿದೆ, ಹಾಗಾಗಿ ಅದೇ ಲಿಪಿಯಲ್ಲಿ ಪಟ್ಟಿ ಮಾಡುವ ಆಸೆಯೂ ಇದೆ. ಸದ್ಯಕ್ಕೆ ಶನಿವಾರ ಮಧ್ಯಾಹ್ನ ಒಬ್ಬ ನಿವೃತ್ತ ಪುರೋಹಿತರು ಬಂದು ಓದಿ ಹೇಳುತ್ತಾರೆ, ಇಬ್ಬರು ವಿದ್ಯಾರ್ಥಿನಿಯರು ಪಕ್ಕದಲ್ಲಿ ಕೂತು ಕಲಿಯುತ್ತಿದ್ದಾರೆ. ಹನ್ನೊಂದು ಮುಗಿದಿವೆ. ಇವಕ್ಕೆ ಮಾತ್ರ ಇಪ್ಪತ್ತು ನಿಮಿಷದ ನಿಯಮ ಇಟ್ಟಿಲ್ಲ.

ಬರುವವರು ನವೆಂಬರ್‌ನಿಂದ ಮೇ ಒಳಗೆ ಬನ್ನಿ, ಮಳೆಗಾಲದಲ್ಲಿ ಡಬ್ಬ ತೆಗೆಯುವುದಿಲ್ಲ. ಬರುವ ಮುಂಚೆ ಪತ್ರ ಬರೆಯಿರಿ. ಅದರಲ್ಲಿ ಊರಿನ ಈಗಿನ ಹೆಸರಿನ ಜೊತೆ, ನಿಮ್ಮ ಮನೆಯ ಹಿರಿಯರು ಆ ಊರನ್ನು ಏನೆಂದು ಕರೆಯುತ್ತಿದ್ದರೋ ಅದನ್ನೂ ಬರೆಯಿರಿ.